ಮಂಡಿ ನೋವಿಗೆ ಪೂರಕ ಚಿಕಿತ್ಸೆಗಳು: ಶ್ರಾವಕರು ತಿಳಿದಿರಬೇಕಾದ ವಿಷಯಗಳು

ವಯಸ್ಸು ಐವತ್ತು ದಾಟಿದ ಮೇಲೆ ಶ್ರಾವಕ-ಶ್ರಾವಿಕೆಯರನ್ನು ಹೆಚ್ಚಾಗಿ ಕಾಡುವ ತೊಂದರೆಗಳಲ್ಲಿ ಮಂಡಿ ನೋವು ಒಂದು. ಬಸದಿಯಲ್ಲಿ ನೆಲದ ಮೇಲೆ ಕುಳಿತು ಪೂಜೆ ಮಾಡಲು, ಸಾಮಾಯಿಕಕ್ಕೆ ಕೂರಲು, ಮುನಿಗಳ ಆಹಾರದ ವೇಳೆ ನಿಂತು ಸೇವೆ ಮಾಡಲು, ಶ್ರವಣಬೆಳಗೊಳದ ದೊಡ್ಡ ಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಿನಲ್ಲಿ ಹತ್ತಲು ಮಂಡಿ ಗಟ್ಟಿಯಾಗಿರಬೇಕು. ಹಾಗಾಗಿ ಮಂಡಿ ಸೋತಾಗ ಹಿರಿಯರಿಗೆ ಆಗುವ ಬೇಸರ ಬರೀ ನೋವಿನದಲ್ಲ. ವರ್ಷಗಳಿಂದ ನಡೆಸಿಕೊಂಡು ಬಂದ ಕ್ರಿಯೆಗಳು ಒಂದೊಂದಾಗಿ ಕೈತಪ್ಪುತ್ತಿವೆಯಲ್ಲ ಎಂಬ ಬೇಸರ ಅದು.

ಇಂಥ ಸಮಯದಲ್ಲಿ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಒಬ್ಬರು ಎಣ್ಣೆ ಹೇಳುತ್ತಾರೆ, ಮತ್ತೊಬ್ಬರು ಕಷಾಯ, ಇನ್ನೊಬ್ಬರು ಸೂಜಿ ಚಿಕಿತ್ಸೆ, ಮೊಬೈಲಿನಲ್ಲಿ ಬಂದ ಜಾಹೀರಾತು ಹದಿನೈದು ದಿನದಲ್ಲಿ ಗುಣ ಎನ್ನುತ್ತದೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಉಪಯುಕ್ತ, ಕೆಲವು ನಿರಪಾಯ ಆದರೆ ನಿಷ್ಪ್ರಯೋಜಕ, ಕೆಲವು ಅಪಾಯಕಾರಿ. ಮಂಡಿ ನೋವು ಪ್ರಾಣ ತೆಗೆಯುವ ಕಾಯಿಲೆಯಲ್ಲ. ಆದರೆ ಅದಕ್ಕೆಂದು ನುಂಗಿದ ಹೆಸರಿಲ್ಲದ ಪುಡಿ ಮೂತ್ರಪಿಂಡವನ್ನೇ ಕೆಡಿಸಬಹುದು. ಆದ್ದರಿಂದ ಯಾವುದನ್ನು ಯಾವ ಲೆಕ್ಕದಲ್ಲಿ ಪ್ರಯತ್ನಿಸಬೇಕು ಎಂಬುದನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು. ಅಹಿಂಸಾ ವ್ರತ ಪಾಲಿಸುವ ಕುಟುಂಬಗಳಿಗೆ ಮತ್ತೊಂದು ಪ್ರಶ್ನೆಯೂ ಇದೆ: ಈ ಔಷಧಿ ಯಾವುದರಿಂದ ತಯಾರಾಗಿದೆ?

ಪೂರಕ ಬೇರೆ, ಪರ್ಯಾಯ ಬೇರೆ

ವೈದ್ಯರು ಹೇಳಿದ ಚಿಕಿತ್ಸೆಯ ಜೊತೆಗೆ, ಅವರಿಗೆ ತಿಳಿಸಿ ಮಾಡಿಕೊಳ್ಳುವುದು ಪೂರಕ ಚಿಕಿತ್ಸೆ. ಅದನ್ನು ಬಿಟ್ಟು ಅದರ ಬದಲಿಗೆ ಮಾಡಿಕೊಳ್ಳುವುದು ಪರ್ಯಾಯ ಚಿಕಿತ್ಸೆ. ಅದೇ ಎಣ್ಣೆ, ಅದೇ ಯೋಗ ಎರಡೂ ಆಗಬಹುದು. ನೋವು ಹಗುರವಾಗಲಿ ಎಂದು ಎಣ್ಣೆ ಹಚ್ಚಿಕೊಂಡರೆ ಪೂರಕ. ಎಣ್ಣೆ ಹಚ್ಚುತ್ತಿದ್ದೇವೆ, ಇನ್ನು ಸಕ್ಕರೆ ಕಾಯಿಲೆಯ ಮಾತ್ರೆ ಬೇಡ ಎಂದರೆ ಅದು ಅಪಾಯದ ದಾರಿ.

ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು

ಊರ ಮಾತಿನಲ್ಲಿ ಎಲ್ಲ ಕೀಲು ನೋವೂ "ವಾಯು" ಅಥವಾ "ವಾತ". ಆದರೆ ಆಯುರ್ವೇದವೂ ಸಂಧಿವಾತ ಮತ್ತು ಆಮವಾತಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಆಧುನಿಕ ವೈದ್ಯಶಾಸ್ತ್ರದಲ್ಲಿಯೂ ಹಾಗೆಯೇ ಎರಡು ಮುಖ್ಯ ವಿಧಗಳಿವೆ.

ಮೊದಲನೆಯದು ಸವೆತದ ಸಂಧಿವಾತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್. ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ನಿಧಾನವಾಗಿ ಸವೆಯುತ್ತದೆ. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದ್ದರಿಂದ ಗಾಯ ಮಾಯುವಂತೆ ಅದು ಮತ್ತೆ ಬೆಳೆಯುವುದಿಲ್ಲ. ಬೆಳಗ್ಗೆ ಎದ್ದಾಗ ಸ್ವಲ್ಪ ಹೊತ್ತು ಬಿಗಿತ, ನಡೆದಂತೆ ಸಡಿಲ, ಹೆಚ್ಚು ಓಡಾಡಿದ ಸಂಜೆ ನೋವು ಇದರ ಸ್ವಭಾವ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಗಳ ಸಣ್ಣ ಬೆರಳ ಕೀಲುಗಳು ಊದಿಕೊಳ್ಳುತ್ತವೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು, ಕೆಲವೊಮ್ಮೆ ಒಂದೆರಡು ಗಂಟೆ ಇರುತ್ತದೆ. ಇದಕ್ಕೆ ಬೇಗ ಔಷಧಿ ಆರಂಭಿಸಿದರೆ ಕೀಲು ಉಳಿಯುತ್ತದೆ. ಎಣ್ಣೆ-ಕಷಾಯ ಎಂದು ತಿಂಗಳುಗಟ್ಟಲೆ ತಡಮಾಡಿದರೆ ಆದ ಹಾನಿ ಸರಿಹೋಗುವುದಿಲ್ಲ.

ಆದ್ದರಿಂದ ಯಾವುದೇ ಪೂರಕ ಚಿಕಿತ್ಸೆಗೆ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ ಕಾಯಿಲೆಯ ಹೆಸರು ತಿಳಿದುಕೊಳ್ಳಬೇಕು. ಮಂಡಿ ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ಜ್ವರ ಬಂದರೆ, ಕಾಲು ಮಡಚಲು ಅಥವಾ ಚಾಚಲು ಆಗದಂತೆ ಸಿಕ್ಕಿಕೊಂಡರೆ, ಬಿದ್ದ ಮೇಲೆ ಭಾರ ಹಾಕಲು ಆಗದಿದ್ದರೆ, ಮೀನಖಂಡ ಊದಿ ನೋವಾದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬಾರದು. ಅಂದೇ ವೈದ್ಯರ ಬಳಿ ಹೋಗಬೇಕು. ಮುಂದಿನ ವಿವರಗಳು ಸವೆತದ ಮಂಡಿ ನೋವಿಗೆ ಸಂಬಂಧಿಸಿದವು.

"ಅವರಿಗೆ ಗುಣವಾಯಿತಂತೆ" ಎಂಬ ಮಾತಿನ ತೂಕ

ಬಂಧುಗಳೊಬ್ಬರಿಗೆ ಗುಣವಾಯಿತು ಎಂಬ ಮಾತೇ ಹೆಚ್ಚಿನವರಿಗೆ ಆಧಾರ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಗುಣವಾದದ್ದು ಅದರಿಂದಲೇ ಎಂದು ಹೇಳುವುದು ಕಷ್ಟ. ಅಮೆರಿಕದಲ್ಲಿ ಮಂಡಿ ಸವೆತವಿದ್ದ 1583 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವರಿಗೆ ಗ್ಲೂಕೋಸಮೈನ್, ಕೆಲವರಿಗೆ ಕಾಂಡ್ರಾಯ್ಟಿನ್, ಕೆಲವರಿಗೆ ಎರಡೂ, ಕೆಲವರಿಗೆ ನೋವಿನ ಮಾತ್ರೆ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರಲಿಲ್ಲ. 24 ವಾರಗಳ ನಂತರ ನೋಡಿದರೆ, ಹುಸಿ ಮಾತ್ರೆ ನುಂಗಿದವರಲ್ಲಿಯೇ ಶೇ. 60 ಜನರಿಗೆ ನೋವು ಐದನೇ ಒಂದು ಭಾಗದಷ್ಟಾದರೂ ಇಳಿದಿತ್ತು! ಗ್ಲೂಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಎರಡೂ ಸೇರಿಸಿ ತೆಗೆದುಕೊಂಡವರಲ್ಲಿ ಶೇ. 67ರಷ್ಟು ಜನರಿಗೆ ಇಳಿದಿತ್ತು. ಒಟ್ಟಾರೆ ನೋಡಿದಾಗ ಈ ವ್ಯತ್ಯಾಸವನ್ನು ಔಷಧಿಯ ಗುಣವೆಂದು ಹೇಳುವಂತಿರಲಿಲ್ಲ. ಹೆಚ್ಚು ನೋವಿದ್ದ ಸಣ್ಣ ಗುಂಪಿನಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತ್ತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮಂಡಿ ನೋವು ಹೆಚ್ಚು-ಕಡಿಮೆ ಆಗುತ್ತಲೇ ಇರುತ್ತದೆ. ತಡೆಯಲಾರದಷ್ಟು ಹೆಚ್ಚಾದಾಗ ಜನ ಔಷಧಿ ಹುಡುಕುತ್ತಾರೆ, ಆಮೇಲೆ ಅದು ತಾನಾಗಿಯೇ ಇಳಿದರೂ ಹೊಸ ಔಷಧಿಗೆ ಹೆಸರು ಬರುತ್ತದೆ. ಎರಡನೆಯದು, ಆರೈಕೆ, ನಂಬಿಕೆ, ವಿಚಾರಿಸಿಕೊಳ್ಳುವವರಿದ್ದಾರೆ ಎಂಬ ಸಮಾಧಾನ ಇವೂ ನೋವನ್ನು ನಿಜವಾಗಿಯೇ ತಗ್ಗಿಸುತ್ತವೆ. ಅದು ತಪ್ಪಲ್ಲ. ಆದರೆ ಅದಕ್ಕಾಗಿ ತಿಂಗಳಿಗೆ ಸಾವಿರಾರು ರೂಪಾಯಿಯ ಡಬ್ಬಿ ಬೇಕಾಗಿಲ್ಲ.

ಯಾವುದಕ್ಕೆ ಎಷ್ಟು ಆಧಾರ?

ವ್ಯಾಯಾಮ ಮತ್ತು ತೂಕ ಇಳಿಕೆ: ಅಮೆರಿಕದ ಕೀಲುವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಲವಾಗಿ ಶಿಫಾರಸು ಮಾಡಿದವುಗಳಲ್ಲಿ ಇವೆರಡೂ ಇವೆ. ಮೈತೂಕ 1 ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು 4 ಕಿಲೋ ಇಳಿಯುತ್ತದೆ ಎಂದು ಅಧ್ಯಯನ ತೋರಿಸಿದೆ. ಒಬ್ಬರು 5 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ 20 ಕಿಲೋ ಹಗುರ. ಯಾವ ಡಬ್ಬಿಯೂ ಇಷ್ಟು ಕೊಡುವುದಿಲ್ಲ.

ವ್ಯಾಯಾಮವೆಂದರೆ ದೊಡ್ಡದೇನಲ್ಲ. ಮಂಚದ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಅದನ್ನು ಮಂಡಿಯಿಂದ ಒತ್ತಿ ಐದು ಎಣಿಸಿ ಬಿಡುವುದು. ಮಲಗಿ ಒಂದು ಕಾಲನ್ನು ನೇರವಾಗಿ ಒಂದು ಅಡಿ ಎತ್ತಿ ಐದು ಎಣಿಸಿ ಇಳಿಸುವುದು. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು. ಪ್ರತಿಯೊಂದೂ ಹತ್ತು ಸಲ, ದಿನಕ್ಕೆ ಎರಡು ಬಾರಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ ಸಿಗುತ್ತದೆ. ಮೊದಮೊದಲು ಸ್ವಲ್ಪ ನೋವಾಗುವುದು ಸಹಜ. ಆ ನೋವು ಮರುದಿನಕ್ಕೂ ಉಳಿದರೆ ಎಣಿಕೆ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ಒಮ್ಮೆ ಫಿಸಿಯೋಥೆರಪಿ ತಜ್ಞರಿಂದ ಕಲಿತು ಮನೆಯಲ್ಲಿ ಮುಂದುವರಿಸಬಹುದು.

ಯೋಗ: ಅದೇ ಮಾರ್ಗಸೂಚಿ ಮಂಡಿ ಸವೆತಕ್ಕೆ ಯೋಗವನ್ನು ಪ್ರಯತ್ನಿಸಬಹುದಾದ ಚಿಕಿತ್ಸೆ ಎಂದು ಹೇಳಿದೆ. ಆದರೆ ವಜ್ರಾಸನ, ಪದ್ಮಾಸನ, ಮಂಡಿ ಪೂರ್ತಿ ಮಡಚುವ ಆಸನಗಳು ಸವೆದ ಮಂಡಿಗೆ ಹಿತವಲ್ಲ. ಕುರ್ಚಿಯ ಸಹಾಯದಿಂದ ಮಾಡುವ ಆಸನಗಳನ್ನು ಕಲಿಸುವವರ ಬಳಿ ಕಲಿಯಬೇಕು.

ಶಾಖ, ಎಣ್ಣೆ, ಮಣ್ಣಿನ ಪಟ್ಟಿ: ಬಿಸಿ ನೀರಿನ ಚೀಲ, ಉಪ್ಪಿನ ಶಾಖ, ಎಣ್ಣೆ ಹಚ್ಚಿ ನೀವುವುದು ಇವು ಸ್ನಾಯುಗಳ ಬಿಗಿತ ಸಡಿಲಿಸಿ ಕೆಲವು ಗಂಟೆಗಳ ಹಿತ ಕೊಡುತ್ತವೆ. ಸವೆದ ಮೃದ್ವಸ್ಥಿಯನ್ನು ಬೆಳೆಸುವುದಿಲ್ಲ. ಆಯುರ್ವೇದದ ಜಾನುಬಸ್ತಿಯಲ್ಲಿ ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಔಷಧಿ ಎಣ್ಣೆಯನ್ನು ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಬಿಸಿ ಎಷ್ಟೆಂದು ತಿಳಿಯದೆ ಸುಟ್ಟ ಗಾಯಗಳಾಗುತ್ತವೆ, ಆದ್ದರಿಂದ ಮನೆಯ ಬೇರೊಬ್ಬರು ಬಿಸಿ ಮುಟ್ಟಿ ನೋಡಬೇಕು. ಎಣ್ಣೆ ಹಚ್ಚಿದ ಕಾಲಿನಲ್ಲಿ ಬಚ್ಚಲಿಗೆ ಹೋಗಿ ಜಾರಿ ಸೊಂಟ ಮುರಿದುಕೊಂಡರೆ ಮಂಡಿ ನೋವೇ ಎಷ್ಟೋ ಮೇಲು ಎನಿಸುತ್ತದೆ. ಅಂಗಾಲಿನ ಎಣ್ಣೆ ಒರೆಸಿಯೇ ಏಳಬೇಕು.

ಹಚ್ಚುವ ನೋವಿನ ಜೆಲ್: ಇದು ಪೂರಕ ಚಿಕಿತ್ಸೆಯಲ್ಲದಿದ್ದರೂ ಹೇಳಲೇಬೇಕು. ಡೈಕ್ಲೋಫೆನಾಕ್‌ನಂಥ ಜೆಲ್ ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಹಿರಿಯರಿಗೆ ಮಾತ್ರೆಗಿಂತ ಮೊದಲು ಇದನ್ನು ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಸೂಜಿ ಚಿಕಿತ್ಸೆ: ಇದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ 2019ರ ಮಾರ್ಗಸೂಚಿ ಪ್ರಯತ್ನಿಸಬಹುದು ಎಂದರೆ, ಇಂಗ್ಲೆಂಡಿನ 2022ರ ಮಾರ್ಗಸೂಚಿ ಕೊಡಬೇಡಿ ಎನ್ನುತ್ತದೆ. ಮಾಡಿಸುವುದಾದರೆ ಪ್ರತಿ ಸಲವೂ ಹೊಸ ಸೂಜಿ ಎಂಬುದು ಖಾತ್ರಿಯಿರಬೇಕು.

ಅರಿಶಿನ ಮತ್ತು ಶಲ್ಲಕಿ: ಅರಿಶಿನದ ಸತ್ತ್ವ ಹಾಗೂ ಶಲ್ಲಕಿ ಮರದ ಅಂಟಿನ ಸತ್ತ್ವ ನೋವು ತಗ್ಗಿಸುತ್ತವೆ ಎಂದು ಕೆಲವು ಪರೀಕ್ಷೆಗಳು ತೋರಿಸಿವೆ. ಆದರೆ ಇವು ಸಣ್ಣ, ಕಡಿಮೆ ಅವಧಿಯ ಪರೀಕ್ಷೆಗಳು. ಸಾರಿಗೆ ಹಾಕುವ ಅರಿಶಿನವೇ ಬೇರೆ, ಸತ್ತ್ವ ತೆಗೆದು ಕರಿಮೆಣಸಿನ ಸತ್ತ್ವ ಸೇರಿಸಿದ ಮಾತ್ರೆಯೇ ಬೇರೆ. ಇಂಥ ಗಾಢ ಮಾತ್ರೆಗಳಿಂದ ಕೆಲವರಿಗೆ ಯಕೃತ್ತಿಗೆ ತೊಂದರೆಯಾದ ಉದಾಹರಣೆಗಳು ದಾಖಲಾಗಿವೆ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಗ್ಲೂಕೋಸಮೈನ್, ಕಾಂಡ್ರಾಯ್ಟಿನ್: ಮೇಲೆ ಹೇಳಿದಂತೆ ಲಾಭ ಖಚಿತವಿಲ್ಲ. 2019ರ ಮಾರ್ಗಸೂಚಿ ಇವನ್ನು ಬೇಡವೆಂದೇ ಹೇಳಿದೆ.

ತಾಮ್ರದ ಬಳೆ, ಅಯಸ್ಕಾಂತದ ಪಟ್ಟಿ: ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಉಪಯೋಗ ಕಂಡಿಲ್ಲ. ದೇಹಕ್ಕೆ ಹಾನಿಯಿಲ್ಲ, ಕಿಸೆಗೆ ಮಾತ್ರ.

ಅಹಿಂಸೆಯ ದೃಷ್ಟಿಯಿಂದ ಲೇಬಲ್ ಓದುವುದು

ಔಷಧಿಯಲ್ಲಿಯೂ ಅಹಿಂಸೆಯನ್ನು ವಿಚಾರಿಸುವುದು ಜೈನರಿಗೆ ಹೊಸದಲ್ಲ. 9ನೇ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ "ಕಲ್ಯಾಣಕಾರಕ" ಎಂಬ ವೈದ್ಯಗ್ರಂಥ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳುತ್ತದೆ. ಔಷಧಿಗೆ ಮಾಂಸ ಬೇಕಾಗಿಲ್ಲವೆಂದು ಅವರು ನೃಪತುಂಗನ ಸಭೆಯಲ್ಲಿ ವಾದಿಸಿದ ವಿಷಯವೂ ಅದರಲ್ಲಿದೆ. ಪೂಜ್ಯಪಾದರ ವೈದ್ಯಗ್ರಂಥವನ್ನು 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದನು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ಆದರೆ ಇಂದು ಮಂಡಿ ನೋವಿಗೆ ಮಾರುವ ವಸ್ತುಗಳಲ್ಲಿ ಏನಿದೆ ಎಂಬುದು ಅನೇಕ ಜೈನ ಮನೆಗಳಿಗೆ ತಿಳಿದಿಲ್ಲ.

ಗ್ಲೂಕೋಸಮೈನ್ ಬಹುತೇಕ ಏಡಿ ಮತ್ತು ಸೀಗಡಿಯ ಚಿಪ್ಪಿನಿಂದ ತಯಾರಾಗುತ್ತದೆ. ಜೋಳದಿಂದ ತಯಾರಾದದ್ದೂ ಇದೆ, ಆದರೆ ಲೇಬಲ್ ಮೇಲೆ ಹಾಗೆಂದು ಬರೆದಿರಬೇಕು. ಕಾಂಡ್ರಾಯ್ಟಿನ್ ಸಾಮಾನ್ಯವಾಗಿ ದನ, ಹಂದಿ ಅಥವಾ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಬರುತ್ತದೆ. ಕೊಲಾಜೆನ್ ಪುಡಿ ಮೀನು, ದನ ಅಥವಾ ಹಂದಿಯ ಚರ್ಮ-ಮೂಳೆಗಳಿಂದ, "ಟೈಪ್ 2" ಎಂದು ಬರೆದದ್ದು ಹೆಚ್ಚಾಗಿ ಕೋಳಿಯ ಎದೆಮೂಳೆಯ ಮೃದ್ವಸ್ಥಿಯಿಂದ. ಮಂಡಿಗೆ ಚುಚ್ಚುವ ಹೈಲುರಾನಿಕ್ ಆಮ್ಲದ ಕೆಲವು ತಯಾರಿಕೆಗಳು ಹುಂಜದ ಜುಟ್ಟಿನಿಂದ, ಕೆಲವು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ. ವಿಟಮಿನ್ ಡಿ-3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕಲ್ಲುಹೂವಿನಿಂದ ತಯಾರಾದದ್ದೂ ಸಿಗುತ್ತದೆ. ಮೆತ್ತಗಿನ ಕ್ಯಾಪ್ಸೂಲ್‌ಗಳ ಹೊದಿಕೆ ಸಾಮಾನ್ಯವಾಗಿ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ಬಂದದ್ದು.

ಆಯುರ್ವೇದ ಎಂದ ಮಾತ್ರಕ್ಕೆ ಎಲ್ಲವೂ ಗಿಡಮೂಲಿಕೆಯಲ್ಲ. ಮೂಳೆಗೆ ಕೊಡುವ ಲಾಕ್ಷಾದಿ ಗುಗ್ಗುಲುವಿನಲ್ಲಿರುವ ಲಾಕ್ಷಾ ಎಂದರೆ ಅರಗು, ಅದು ಕೀಟಗಳಿಂದ ಬರುವಂಥದು. ಶಂಖ ಭಸ್ಮ, ಪ್ರವಾಳ ಭಸ್ಮ, ಮುಕ್ತಾ ಭಸ್ಮಗಳು ಕಡಲ ಜೀವಿಗಳಿಂದ, ಮೃಗಶೃಂಗ ಭಸ್ಮ ಜಿಂಕೆಯ ಕೊಂಬಿನಿಂದ, ಕುಕ್ಕುಟಾಂಡತ್ವಕ್ ಭಸ್ಮ ಕೋಳಿ ಮೊಟ್ಟೆಯ ಚಿಪ್ಪಿನಿಂದ. ಅಜಮಾಂಸ ರಸಾಯನದಲ್ಲಿ ಹೆಸರೇ ಹೇಳುವಂತೆ ಆಡಿನ ಮಾಂಸವಿದೆ. ಲೇಹ್ಯಗಳಲ್ಲಿ ಜೇನುತುಪ್ಪ ಸಾಮಾನ್ಯ. ಆಸವ ಮತ್ತು ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರ ಇರುತ್ತದೆ. ವಾತಕ್ಕೆ ಹೇಳುವ ಕೆಲವು ಔಷಧಿಗಳಲ್ಲಿ ಬೆಳ್ಳುಳ್ಳಿ ಇದೆ. ಹೆಸರು ನೋಡಿ ಗಾಬರಿಯಾಗಬೇಕಿಲ್ಲದ ಉದಾಹರಣೆಯೂ ಇದೆ: ಗೋದಂತಿ ಭಸ್ಮ ಎಂದರೆ ಹಸುವಿನ ಹಲ್ಲಲ್ಲ, ಅದು ಜಿಪ್ಸಂ ಎಂಬ ಖನಿಜ. ಮಹಾರಾಸ್ನಾದಿ ಕಷಾಯದಂಥ ಗಿಡಮೂಲಿಕೆಯ ಕಷಾಯಗಳೂ ಇವೆ. ಹಾಗಾಗಿ ವ್ರತವನ್ನು ಮೊದಲೇ ತಿಳಿಸಿದರೆ ವೈದ್ಯರು ಬೇರೆ ಯೋಗವನ್ನು ಬರೆದುಕೊಡಬಲ್ಲರು.

ಪುಷ್ಟಿಕಾರಕವೆಂದು ಆಹಾರ ಪರವಾನಗಿಯಲ್ಲಿ ಮಾರುವ ಡಬ್ಬಿಗಳ ಮೇಲೆ ಹಸಿರು ಅಥವಾ ಕಂದು ಗುರುತು ಇರಬೇಕು. ಆದರೆ ಔಷಧಿ ಪರವಾನಗಿಯಲ್ಲಿ ಬರುವ ಮಾತ್ರೆ-ಕ್ಯಾಪ್ಸೂಲ್‌ಗಳಲ್ಲಿ ಈ ಗುರುತನ್ನು ನೆಚ್ಚಿಕೊಳ್ಳುವಂತಿಲ್ಲ. ಆಗ ಅಂಗಡಿಯವರನ್ನು, ಬೇಕಾದರೆ ತಯಾರಕರ ಗ್ರಾಹಕ ಸೇವೆಯನ್ನು ಕೇಳಬೇಕು. ಅದೇ ಔಷಧಿ ಮಾತ್ರೆಯ ರೂಪದಲ್ಲಿ ಅಥವಾ ಸಸ್ಯಮೂಲದ ಹೊದಿಕೆಯಲ್ಲಿ ಇದೆಯೇ ಎಂದು ವೈದ್ಯರನ್ನು ವಿಚಾರಿಸಬೇಕು. ಬದಲಿ ಸಿಗುವ ಮೊದಲೇ ಜೀವಕ್ಕೆ ಬೇಕಾದ ಔಷಧಿಯನ್ನು ನಿಲ್ಲಿಸಬಾರದು. ಯಾವುದನ್ನು ಸ್ವೀಕರಿಸಬಹುದು, ಯಾವುದನ್ನು ಬಿಡಬೇಕು ಎಂಬುದು ಅವರವರ ವ್ರತ ಮತ್ತು ಗುರುಗಳ ಮಾರ್ಗದರ್ಶನಕ್ಕೆ ಸೇರಿದ್ದು. ಆದರೆ ತಿಳಿದು ನಿರ್ಧರಿಸಬೇಕು. ಏಡಿ ಚಿಪ್ಪಿನ ಮಾತ್ರೆಗೆ ಲಾಭದ ಆಧಾರವೂ ಗಟ್ಟಿಯಿಲ್ಲ, ವ್ರತಕ್ಕೂ ಹೊಂದುವುದಿಲ್ಲ ಎಂದಾದಾಗ ನಿರ್ಧಾರ ಕಷ್ಟವೇನಲ್ಲ.

ಹೆಸರಿಲ್ಲದ ಪುಡಿಯ ಅಪಾಯ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಪೊಟ್ಟಣ ಕಟ್ಟಿ ಕೊಡುವ, ಲೇಬಲ್ ಇಲ್ಲದ ಪುಡಿ ಅಥವಾ ಗುಳಿಗೆ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಗಿಡಮೂಲಿಕೆಗಳು ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆಯನ್ನು ಅರೆದು ಬೆರೆಸಿದ್ದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದರೆ ಮುಖ ಊದುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಇನ್ನೊಂದು ಅಪಾಯವೆಂದರೆ ಅದನ್ನು ಒಮ್ಮೆಲೇ ನಿಲ್ಲಿಸುವುದು. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುವುದರಿಂದ ರೋಗಿ ಕುಸಿದುಬೀಳಬಹುದು. ಆದ್ದರಿಂದ ಇಂಥ ಪುಡಿ ಬಹಳ ದಿನ ತಿಂದವರು ಉಳಿದ ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಬೇಕು.

ಭಾರಲೋಹಗಳದ್ದೂ ಒಂದು ಸಮಸ್ಯೆ. ಅಮೆರಿಕದ ಬೋಸ್ಟನ್ ನಗರದ ಅಂಗಡಿಗಳಲ್ಲಿ ಸಿಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಇದರಿಂದ ಆಯುರ್ವೇದವೇ ಕೆಟ್ಟದ್ದೆಂದು ಹೇಳಲಾಗದು. ಯಾರು ತಯಾರಿಸಿದರು, ಏನು ಹಾಕಿದರು ಎಂದು ತಿಳಿಯದೆ ನುಂಗಬಾರದು ಎಂಬುದೇ ಇದರ ಪಾಠ. ಡಬ್ಬಿಯ ಮೇಲೆ ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ ಮತ್ತು ಘಟಕಗಳ ಪಟ್ಟಿ ಇರಲೇಬೇಕು. ಅಂಗಡಿಗೆ ಬಂದ ಮಾಲನ್ನು ಬಿಲ್ ನೋಡದೆ ಯಾವ ವ್ಯಾಪಾರಿಯೂ ಇಳಿಸಿಕೊಳ್ಳುವುದಿಲ್ಲ. ದೇಹಕ್ಕೆ ಇಳಿಸುವ ಮಾಲಿಗೆ ಅಷ್ಟಾದರೂ ಎಚ್ಚರ ಬೇಡವೇ?

ಚಿಕಿತ್ಸೆ ಕೊಡುವವರ ಓದನ್ನೂ ವಿಚಾರಿಸಬೇಕು. ಆಯುರ್ವೇದಕ್ಕೆ ಬಿ.ಎ.ಎಂ.ಎಸ್., ಪ್ರಕೃತಿ ಚಿಕಿತ್ಸೆ ಮತ್ತು ಯೋಗಕ್ಕೆ ಬಿ.ಎನ್.ವೈ.ಎಸ್. ಪದವಿಗಳಿವೆ. ತರಬೇತಿಯೂ ಸೇರಿ ಐದೂವರೆ ವರ್ಷಗಳ ಓದು ಅದು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಅನುಕೂಲವಿದೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್.ಡಿ.ಎಂ. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು, ಉಡುಪಿ ಮತ್ತು ಹಾಸನದ ಎಸ್.ಡಿ.ಎಂ. ಆಯುರ್ವೇದ ಕಾಲೇಜುಗಳು ಇಂಥ ವೈದ್ಯರನ್ನು ತಯಾರು ಮಾಡುತ್ತಿವೆ.

ಉಪವಾಸ, ರಾತ್ರಿಭೋಜನ ತ್ಯಾಗ ಮತ್ತು ನೋವಿನ ಮಾತ್ರೆ

ದಶಲಕ್ಷಣ ಪರ್ವದಲ್ಲಿ, ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸ ಮಾಡುವ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಜಠರದಲ್ಲಿ ಉರಿ ಹೆಚ್ಚು, ಈ ಮಾತ್ರೆಗಳಿಂದ ಹುಣ್ಣು, ರಕ್ತಸ್ರಾವವೂ ಆಗಬಹುದು. ನೀರು ಕಡಿಮೆ ಕುಡಿದ ದಿನ ಇವು ಮೂತ್ರಪಿಂಡಕ್ಕೆ ಹೆಚ್ಚು ಹಾನಿಕರ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆ ಮತ್ತು ನೋವಿನ ಮಾತ್ರೆ ಈ ಮೂರೂ ಒಟ್ಟಿಗೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಪರ್ವಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು ಉಪವಾಸದ ದಿನಗಳನ್ನು ತಿಳಿಸಿ, ಆ ದಿನಗಳಲ್ಲಿ ಯಾವ ಮಾತ್ರೆ ಬಿಡಬಹುದು, ಯಾವುದು ಬಿಡಲೇಬಾರದು ಎಂದು ಬರೆಸಿಕೊಳ್ಳಬೇಕು. ಸೂರ್ಯಾಸ್ತದ ನಂತರ ಏನನ್ನೂ ತೆಗೆದುಕೊಳ್ಳದವರು ಅದನ್ನೂ ಹೇಳಬೇಕು. ಅನೇಕ ಮಾತ್ರೆಗಳ ಸಮಯವನ್ನು ಹೊಂದಿಸಲು ಸಾಧ್ಯವಿದೆ. ಹೇಳದೆ ಮಾತ್ರೆ ತಪ್ಪಿಸುವುದೇ ತೊಂದರೆಗೆ ದಾರಿ.

ಪ್ರಯತ್ನಿಸುವ ಕ್ರಮ: ಒಂದು ನೋಟ್‌ಬುಕ್ ಸಾಕು

ಒಂದು ಪೂರಕ ಚಿಕಿತ್ಸೆ ತಮಗೆ ಹಿಡಿಸುತ್ತದೆಯೇ ಎಂದು ನೋಡಲು ಹೀಗೆ ಮಾಡಬಹುದು.

1. ಒಂದು ಸಲಕ್ಕೆ ಒಂದೇ ಚಿಕಿತ್ಸೆ. ಎಣ್ಣೆ, ಕಷಾಯ, ಮಾತ್ರೆ ಒಟ್ಟಿಗೆ ಆರಂಭಿಸಿದರೆ ಯಾವುದರಿಂದ ಗುಣ, ಯಾವುದರಿಂದ ತೊಂದರೆ ಎಂದು ತಿಳಿಯುವುದಿಲ್ಲ.

2. ಆರಂಭಿಸುವ ಮೊದಲು ಎರಡು ವಾರ ದಿನವೂ ನೋವಿಗೆ 0ಯಿಂದ 10ರವರೆಗೆ ಅಂಕ ಹಾಕಬೇಕು. ನೋವೇ ಇಲ್ಲದಿದ್ದರೆ 0, ಸಹಿಸಲಾಗದಿದ್ದರೆ 10.

3. ತಾನು ಮಾಡಬೇಕೆಂದಿರುವ ಒಂದು ಕೆಲಸವನ್ನು ಬರೆದಿಡಬೇಕು. ಉದಾಹರಣೆಗೆ, ಬಸದಿಗೆ ನಡೆದು ಹೋಗಿ ಮೂರು ಪ್ರದಕ್ಷಿಣೆ ಹಾಕುವುದು. ಅಂಕಕ್ಕಿಂತ ಇದೇ ಸರಿಯಾದ ಅಳತೆ.

4. ಅವಧಿ ಮತ್ತು ಖರ್ಚಿನ ಮಿತಿಯನ್ನು ಮೊದಲೇ ಗೊತ್ತು ಮಾಡಬೇಕು. ಆರರಿಂದ ಎಂಟು ವಾರ ಸಾಕು. ಆಮೇಲೂ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಬೇಕು. ಇಷ್ಟು ಖರ್ಚು ಮಾಡಿದ್ದೇವಲ್ಲ ಎಂದು ಮುಂದುವರಿಸುವುದು ನಷ್ಟದ ಮೇಲೆ ನಷ್ಟ.

5. ತೆಗೆದುಕೊಳ್ಳುವ ಎಲ್ಲವನ್ನೂ, ಕಷಾಯ-ಪುಡಿ ಸಹಿತ, ಒಂದೇ ಹಾಳೆಯಲ್ಲಿ ಬರೆದು ಪ್ರತಿ ವೈದ್ಯರಿಗೂ ತೋರಿಸಬೇಕು. ಬೈಯುತ್ತಾರೆಂದು ಮುಚ್ಚಿಡಬಾರದು.

6. ಹೊಟ್ಟೆ ನೋವು, ಕಪ್ಪು ಮಲ, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಮುಖ-ಪಾದ ಊದುವುದು, ಮೈಮೇಲೆ ಗಂದೆ ಏಳುವುದು ಕಂಡರೆ ಕೂಡಲೇ ವೈದ್ಯರ ಬಳಿ ಹೋಗಬೇಕು.

7. ಪೂರ್ತಿ ಗುಣ, ಗ್ಯಾರಂಟಿ, ಬೇರೆ ಔಷಧಿಯೆಲ್ಲ ಬಿಡಿ ಎನ್ನುವವರಿಂದ ದೂರವಿರಬೇಕು.

ಕ್ರಿಯೆ ಬಿಡಬೇಕಾಗಿಲ್ಲ, ಕ್ರಮ ಬದಲಿಸಿದರೆ ಸಾಕು

ಚಿಕಿತ್ಸೆಯಷ್ಟೇ ಮುಖ್ಯ ದಿನಚರಿಯ ಸಣ್ಣ ಬದಲಾವಣೆಗಳು. ಸಾಮಾಯಿಕ, ಸ್ವಾಧ್ಯಾಯಗಳನ್ನು ಕುರ್ಚಿಯ ಮೇಲೆ ಕುಳಿತು ಮಾಡಬಹುದು, ಸ್ಥಿರತೆ ಬೇಕಾದದ್ದು ಮನಸ್ಸಿಗೆ. ಬಸದಿಗಳ ಆಡಳಿತ ಮಂಡಳಿಗಳು ನಾಲ್ಕಾರು ಗಟ್ಟಿ ಕುರ್ಚಿಗಳನ್ನು, ಮೆಟ್ಟಿಲಿಗೆ ಹಿಡಿಕೆಯನ್ನು ಮಾಡಿಸಿದರೆ ಅದು ಹಿರಿಯರಿಗೆ ದೊಡ್ಡ ಉಪಕಾರ. ಮನೆಯಲ್ಲಿ ಎತ್ತರದ ಶೌಚಾಸನ ಬೇಕು. ಊರುಗೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ಬಲ ಮಂಡಿ ನೋವಾದರೆ ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬೆಟ್ಟ ಹತ್ತುವ ಆಸೆಯಿದ್ದರೆ ಮೂರು ತಿಂಗಳು ಮೊದಲಿನಿಂದ ಕಾಲಿನ ವ್ಯಾಯಾಮ ಮಾಡಿ, ಬೆಳಗಿನ ತಂಪಿನಲ್ಲಿ ನಿಂತು ನಿಂತು ಹತ್ತಬೇಕು. ಆಗದಿದ್ದರೆ ಡೋಲಿಯಲ್ಲಿ ಹೋಗುವುದರಲ್ಲಿ ಸಂಕೋಚ ಬೇಡ. ಭಗವಾನ್ ಬಾಹುಬಲಿಯ ದರ್ಶನಕ್ಕೆ ಹೋದವರು ಇಳಿಯುವಾಗ ಬಿದ್ದು ಮನೆಯವರಿಗೆ ಚಿಂತೆ ತರುವುದಕ್ಕಿಂತ ಅದೇ ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ರೆ ಬಾರದಷ್ಟು ನೋವು, ನೂರು ಹೆಜ್ಜೆ ನಡೆಯಲಾಗದ ಸ್ಥಿತಿ ಇದ್ದರೆ ಮೂಳೆ ತಜ್ಞರ ಬಳಿ ಶಸ್ತ್ರಚಿಕಿತ್ಸೆಯ ವಿಚಾರ ಮಾತನಾಡಬೇಕು. ಎಲ್ಲ ಪೂರಕ ಚಿಕಿತ್ಸೆ ಮುಗಿಯಲಿ ಎಂದು ವರ್ಷಗಟ್ಟಲೆ ಮುಂದೂಡಿದರೆ ಸ್ನಾಯುಗಳು ಸೊರಗಿ ಆಮೇಲೆ ಚೇತರಿಕೆ ನಿಧಾನವಾಗುತ್ತದೆ.

ಮನೆಯ ಕಿರಿಯರು ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ಅಜ್ಜ-ಅಜ್ಜಿ, ತಂದೆ-ತಾಯಿಯರ ಔಷಧಿ ಡಬ್ಬಿಯನ್ನು ಅವರ ಎದುರಿನಲ್ಲೇ ತೆರೆದು, ಒಂದೊಂದರ ಲೇಬಲ್ ಓದಿ ಹೇಳಿ, ಹೆಸರಿಲ್ಲದ ಪೊಟ್ಟಣಗಳನ್ನು ಬೇರೆ ಇಟ್ಟು, ಉಳಿದವುಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಪಟ್ಟಿಯೂ, ಬೇರೆ ಇಟ್ಟ ಪೊಟ್ಟಣಗಳೂ ಜೊತೆಗಿರಲಿ. ಔಷಧದಾನದ ಪುಣ್ಯ ಔಷಧಿ ಕೊಂಡುಕೊಡುವುದರಲ್ಲಷ್ಟೇ ಇಲ್ಲ, ಬೇಡದ್ದನ್ನು ತಪ್ಪಿಸುವುದರಲ್ಲಿಯೂ ಇದೆ.